ಟ್ರಾನ್ಸ್‌ಫಾರ್ಮರ್ ಕೆಳಗಿನ ಸೈಕಲ್ಲು

ಹೊಸದಾಗಿ ಲೈನ್‌ಮನ್ ಕೆಲಸಕ್ಕೆ ಸೇರಿದ ಹುಡುಗರು ನಮ್ಮ ಬೀದಿಗೆ ಬಂದರೆ ಒಂದು ಗಳಿಗೆ ನನ್ನ ಜಗಲಿಯ ಮೇಲೆ ಕೂತು ಹೋಗುತ್ತಾರೆ. ಕೂತವರು ಕೇಳುವುದು ಹೆಚ್ಚಾಗಿ ಒಂದೇ ಮಾತು. "ಅಣ್ಣ, ನಿಮ್ಗೆ ಎಷ್ಟ್ ಸಲ ಕರೆಂಟು ವಡ್ದಿತ್ತು?" ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. "ಎದುರ್ಗೆ ಕೂತಿವ್ನಲ್ಲಾ, ಎಣಿಸ್ಕಂಡು ಏನ್ ಮಾಡೀಯಾ?" ಎಂದು ಬಾಯಿ ಮುಚ್ಚಿಸುತ್ತೇನೆ. ಮೊನ್ನೆ ಬಂದವನೊಬ್ಬ ಮಾತ್ರ ಬೇರೆ ಪ್ರಶ್ನೆ ಕೇಳಿದ. ಅವನಿಗೆ ಕೊಳಲಿನ ಹುಚ್ಚಂತೆ. ಕೆಲಸ ಸಿಕ್ಕಿದ ಮೇಲೆ ಕೊಳಲು ಗೂಡಿನಲ್ಲೇ ಉಳಿದುಬಿಟ್ಟಿದೆ. "ಈ ಕೆಲಸ್ದಾಗೆ ನಮ್ದು ಅಂತ ವಸಿ ಒತ್ತು ಸಿಕ್ತದಾ ಅಣ್ಣ?" ಅಂದ.

ಸಿಗುತ್ತದೆ. ಆದರೆ ಆ ಹೊತ್ತು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಬೇಕು. ನನಗೆ ಅದು ಗೊತ್ತಾದದ್ದು ಒಬ್ಬ ಮನುಷ್ಯನ ಜೀವ ಕೂದಲೆಳೆಯಲ್ಲಿ ಉಳಿದ ಮೇಲೆ. ಕೊಳಲಿನ ಹುಡುಗನಿಗೆ ಅಂದು ಬಾಯಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹುಚ್ಚು ವಾಲಿಬಾಲು. ಶಾಲೆಯ ಕಾಲದಿಂದ ಹಿಡಿದದ್ದು ಬಿಡಲಿಲ್ಲ. ತಂಡದಲ್ಲಿ ನಾನು ಲಿಫ್ಟರ್. ಎದುರಿನವರ ಹೊಡೆತವನ್ನು ನಮ್ಮವರು ತಡೆದು ಕೊಟ್ಟ ಚೆಂಡನ್ನು ನೆಟ್ಟಿನ ಪಕ್ಕ ಮೆತ್ತಗೆ ಮೇಲೆತ್ತಿ ಕೊಡುವುದು ನನ್ನ ಕೆಲಸ. ಹಾರಿ ಹೊಡೆದು ಚಪ್ಪಾಳೆ ಗಿಟ್ಟಿಸುವವನು ಇನ್ನೊಬ್ಬ. ಹಗಲೆಲ್ಲ ತಂತಿ ಎಳೆದು ಒರಟಾದ ಬೆರಳಿಗೆ ಚೆಂಡು ತಾಗಿದರೆ ಸಾಕು, ಮೈಯ ನೋವೆಲ್ಲ ಇಳಿಯುತ್ತಿತ್ತು. ಆಟದಿಂದ ಕೆಲಸಕ್ಕೆ ಒಳ್ಳೆಯದಾಯಿತು, ಏಕಾಗ್ರತೆ ಬಂತು ಎಂದೆಲ್ಲ ನಾನು ಬರೆಯಲಾರೆ. ಇಷ್ಟವಾಗಿತ್ತು, ಆಡಿದೆ, ಅಷ್ಟೆ.

ತೊಂಬತ್ತರ ದಶಕದ ಹೊತ್ತಿಗೆ ನನಗೆ ನಲವತ್ತು ಹತ್ತಿರವಾಗಿತ್ತು. ಅಪ್ಪ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಕರೆಯುವ ಎರಡು ಹಸು, ಒಂದಿಷ್ಟು ರಾಗಿ ಹೊಲ. ಅದರ ಮೇಲೆ, ತಮಿಳು ಸೀಮೆಗೆ ಸೇರಿದರೂ ಕನ್ನಡವನ್ನೇ ಆಡುವ ಈ ಗಡಿ ಬೆಟ್ಟದಲ್ಲಿ ಪಣಕಹಳ್ಳಿಯೂ ಸುತ್ತಲಿನ ಊರುಗಳೂ ನನ್ನ ಪಾಲಿನ ಲೈನು. ಇಷ್ಟೆಲ್ಲದರ ನಡುವೆ ಸಂಜೆ ಐದಕ್ಕೆ ಚಡ್ಡಿ ಹಾಕಿಕೊಂಡು ಶಾಲೆಯ ಮೈದಾನಕ್ಕೆ ಹೊರಡುವ ಗಂಡಸನ್ನು ಊರು ಸುಮ್ಮನೆ ಬಿಡುತ್ತದೆಯೆ? "ಮುದಿ ಎತ್ತು ಕರುಗಳ ಜೊತೆ ಕುಣ್ಯಾಕೆ ಓಯ್ತಾದೆ ನೋಡ್ರುಲಾ" ಎಂದು ಅರಳಿಕಟ್ಟೆಯಿಂದ ಮಾತು ಬರುತ್ತಿತ್ತು. ನಾನೂ ಬಿಡುತ್ತಿರಲಿಲ್ಲ. "ಎತ್ತಾದ್ರೂ ಕುಣೀತದೆ, ನೀವು ಕೂತ ಕಟ್ಟೆ ಸವೀತಾದೆ" ಎನ್ನುತ್ತಿದ್ದೆ.

ಆ ಒಂದು ಗಂಟೆಯನ್ನು ಉಳಿಸಿಕೊಳ್ಳಲು ನಾನು ಪಡುತ್ತಿದ್ದ ಪಾಡು ದೇವರಿಗೇ ಪ್ರೀತಿ. ಬೆಳಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಹುಲ್ಲು ಕೊಯ್ದು ಹಾಕುವುದು, ಊಟದ ಹೊತ್ತಿನಲ್ಲಿ ಊಟ ಬಿಟ್ಟು ಫ್ಯೂಸ್ ಕಟ್ಟುವುದು, ನಾಳೆ ಮಾಡಬಹುದಾದ ಕೆಲಸವನ್ನು ಇವತ್ತೇ ಮುಗಿಸುವುದು. ಆದರೂ ಕರೆಂಟಿಗೆ ನನ್ನ ಮೇಲೆ ಏನೋ ಹಗೆ. ಬೆಳಗಿನಿಂದ ನೆಟ್ಟಗಿದ್ದ ಲೈನು ನಾಲ್ಕೂವರೆಗೆ ಕೈಕೊಡುತ್ತಿತ್ತು. ಯಾರೋ ಓಡಿ ಬಂದು "ಮಲ್ಲಣ್ಣ, ನಮ್ಮ ಕಂಬದಾಗೆ ಬೆಂಕಿ ಬತ್ತಾದೆ" ಎಂದರೆ ಚಡ್ಡಿಯ ಮೇಲೆಯೇ ಖಾಕಿ ಪ್ಯಾಂಟು ಏರಿಸಿ ಹೊರಡಬೇಕು.

ಹೆಂಡತಿ ಗೌರಿ ಜಗಳವಾಡುವವಳಲ್ಲ, ಆದರೆ ಆಡಿದ ಒಂದೊಂದು ಮಾತೂ ನೆಟ್ಟಗೆ ಬಂದು ನಾಟುತ್ತಿತ್ತು. "ನೀವು ಐದಕ್ಕೆ ಆಟಕ್ಕೋದ್ರೆ ಹಾಲು ಕರಿಯೋಳು ನಾನು, ಮಾವನ್ನ ಎತ್ತಿ ಕೂರ್ಸೋಳು ನಾನು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಅಂಗೆ" ಎಂದಿದ್ದಳು ಒಮ್ಮೆ. ನಾನು ನಕ್ಕು ಹೊರಟಿದ್ದೆ.

ಲೈನಿನ ಕಡೆಯಿಂದ ನನ್ನ ಆಟವನ್ನು ಉಳಿಸಿದವರು ಪಳನಿಚಾಮಿ. ಘಾಟಿಯ ಕೆಳಗಿನ ಗೋಬಿ ಕಡೆಯ ಬಯಲುಸೀಮೆಯವರು, ನನಗಿಂತ ಹತ್ತು ವರ್ಷ ಹಿರಿಯ ಲೈನ್‌ಮನ್. ಹೆಂಡತಿ ಮಕ್ಕಳು ಕೆಳಗೆ ಊರಲ್ಲಿ, ಇವರಿಗೆ ಇಲ್ಲಿ ಬಾಡಿಗೆಯ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ, ಒಂದು ಹಳೇ ಮೊಪೆಡ್ಡು. ಬೆಟ್ಟಕ್ಕೆ ಬಂದು ಎಷ್ಟೋ ವರ್ಷವಾದರೂ ಅವರ ಕನ್ನಡದಲ್ಲಿ ಅರ್ಧ ತಮಿಳು. ನನ್ನನ್ನು 'ತಂಬಿ' ಎನ್ನುತ್ತಿದ್ದರು, ಅಂದರೆ ತಮ್ಮ. ನಾನು 'ಅಣ್ಣ' ಎನ್ನುತ್ತಿದ್ದೆ. ಐದಕ್ಕೆ ಕೆಲಸ ಮುಗಿಯದಿದ್ದರೆ ನನ್ನ ಹೆಗಲ ಮೇಲಿನ ಚೀಲವನ್ನು ತಾವೇ ಕಿತ್ತುಕೊಂಡು "ನೀ ಪೋ ತಂಬಿ, ನಾನು ಪಾತ್ಕೊಳ್ತೀನಿ" ಎನ್ನುತ್ತಿದ್ದರು, ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದು. ನಾನು ಹೋಗುತ್ತಿದ್ದೆ. ಎರಡನೆಯ ಸಲ ಹೇಳಿಸಿಕೊಂಡದ್ದು ನೆನಪಿಲ್ಲ.

ಒಮ್ಮೆ ತಾಳಮಲೆ ಕಡೆ ಆನೆಗಳು ಮರ ನೂಕಿ ಲೈನು ಬೀಳಿಸಿದ್ದವು. ಇಬ್ಬರೂ ಹೋದೆವು. ನಾನು ಏಣಿಯ ಮೇಲೆ ತಂತಿ ಬಿಗಿಯುತ್ತಿದ್ದಾಗ ಲಂಟಾನ ಪೊದೆ ಅಲುಗಿತು. ಹೊರಗೆ ಬಂದದ್ದು ಮರಿಯ ಜೊತೆ ಒಂದು ಹೆಣ್ಣಾನೆ. ಪಳನಿಯಣ್ಣ ರಸ್ತೆಯ ಕಡೆ ಇದ್ದರು, ನಾನು ಮೇಲೆ. ಇಳಿಯುವಂತಿಲ್ಲ, ಕೂಗುವಂತಿಲ್ಲ. ಏಣಿಗೆ ಅದು ಮೈ ಒರೆಸಿದರೆ ನಾನು ಅದರ ಕಾಲ ಕೆಳಗೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಪಳನಿಯಣ್ಣ ಓಡಿಹೋಗಬಹುದಿತ್ತು. ಓಡಲಿಲ್ಲ. ಮೊಪೆಡ್ಡಿನ ಹತ್ತಿರ, ಆನೆಗೆ ಕಾಣುವ ಹಾಗೆಯೇ, ಅಲುಗಾಡದೆ ನಿಂತರು. ಆನೆ ನನ್ನನ್ನು ಬಿಟ್ಟು ಅವರನ್ನೇ ನೋಡುತ್ತಾ ನಿಂತಿತು, ಆಮೇಲೆ ಮರಿಯನ್ನು ಸೊಂಡಿಲಿನಿಂದ ತಳ್ಳಿಕೊಂಡು ಇಳಿಜಾರಿಗೆ ಇಳಿಯಿತು. ನಾನು ಕೆಳಗಿಳಿದೆ. ಅವರು ಗಡಿಯಾರ ನೋಡಿಕೊಂಡು, "ಈಗ ಹೊರಟ್ರೆ ಆಟಕ್ಕೆ ಸಿಗ್ತೀಯ" ಅಂದರು. ಅಂಥ ಮನುಷ್ಯ.

ಆಗ ನಮಗಿದ್ದ ಎಂಜಿನಿಯರು ಮಾತ್ರ ಬಿಗಿ. ಒಂದು ಸಂಜೆ ಜೀಪಿನಲ್ಲಿ ಘಾಟಿ ಹತ್ತಿ ಬಂದವರು ಮೈದಾನದ ಪಕ್ಕದಲ್ಲೇ ಜೀಪು ನಿಲ್ಲಿಸಿದರು. ನಾನು ಚೆಂಡು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಬನಿಯನ್ನಿನಲ್ಲಿ ಹೋಗಿ ನಿಂತೆ. ಅವರು ತಮಿಳಿನಲ್ಲಿ, ದನಿ ಏರಿಸದೆ ಹೇಳಿದ್ದು ಇಷ್ಟು: ಆಡುವುದು ನಿನ್ನ ಇಷ್ಟ, ಆದರೆ ನಿನ್ನ ಆಟದಿಂದ ನನ್ನ ಲೈನಿಗೆ ಒಂದು ದೂರು ಬರಲಿ, ಮಾರನೇ ದಿನವೇ ನಿನಗೆ ಕೆಳಗೆ ವರ್ಗ. ಕೆಳಗೆ ಎಂದರೆ ಘಾಟಿಯ ಆಚೆಗಿನ ಬಯಲು. ಅಪ್ಪನನ್ನು ಎತ್ತಿ ಕೂರಿಸುವುದು, ಹಸು, ಹೊಲ ಎಲ್ಲ ಗೌರಿಯೊಬ್ಬಳ ತಲೆಯ ಮೇಲೆ. ಅಂದಿನಿಂದ ಒಂದೊಂದು ಸಂಜೆಯೂ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ ಆಯಿತು. ಚೆಂಡು ಎತ್ತುವಾಗಲೂ ಕಿವಿ ಜೀಪಿನ ಸದ್ದಿನ ಕಡೆಗೆ.

ಈಗ ಸೈಕಲ್ಲಿನ ವಿಷಯ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ನಿಯಮ ನಿಮಗೆ ಗೊತ್ತು. ಕಂಬ ಹತ್ತುವ ಮೊದಲು ಟ್ರಾನ್ಸ್‌ಫಾರ್ಮರಿನ ಸ್ವಿಚ್ಚಿನ ಹಿಡಿ ಕೆಳಗೆಳೆದು ಬೀಗ ಹಾಕಬೇಕು, ಫ್ಯೂಸ್‌ಗಳನ್ನು ಕಿತ್ತು ಕಿಸೆಗೆ ಹಾಕಿಕೊಳ್ಳಬೇಕು. ನಮ್ಮ ಪಣಕಹಳ್ಳಿಯ ಹೊಲದ ನಡುವಿನ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಕೂರಿಸುವ ಪಿಂಗಾಣಿ ಕಟ್ಟೆಗಳು ಒಡೆದು ಹೋಗಿ ನೇರವಾಗಿ ತಂತಿ ಸುತ್ತಿದ್ದೆವು. ಬೀಗದ ಕೊಂಡಿ ತುಕ್ಕು ತಿಂದು ಬಿದ್ದುಹೋಗಿತ್ತು. ಹೊಸದಕ್ಕೆ ಕೇಳಿ ಕೇಳಿ ಬಾಯಿ ನೋಯಿತು. ಆ ಸ್ವಿಚ್ಚಿನ ಹಿಡಿಯನ್ನು ಊರಿನಲ್ಲಿ ಎಳೆಯದವರೇ ಇಲ್ಲ. ಕರೆಂಟು ಹೋಯಿತೆಂದರೆ ಹತ್ತಿರದ ಹೊಲದವನು ಬಂದು ಒಮ್ಮೆ ಇಳಿಸಿ, ಒಮ್ಮೆ ಏರಿಸಿ ನೋಡುತ್ತಿದ್ದ. ಪಂಪಿಗೆ ಬೇಕಾದ ಮೂರು ಫೇಸಿನ ಕರೆಂಟು ಹಗಲಲ್ಲಿ ಬರುತ್ತಿದ್ದುದೇ ಕೆಲವು ಗಂಟೆ. ನೆಟ್ಟ ಪೈರು ಬಾಡುತ್ತಿದ್ದರೆ ಯಾರು ಲೈನ್‌ಮನ್‌ಗೆ ಕಾಯುತ್ತಾರೆ?

ಹೀಗಿರುವಾಗ ಊರಿನಲ್ಲಿ ತಾನಾಗಿಯೇ ಒಂದು ಕಟ್ಟಳೆ ಬೆಳೆಯಿತು. ಕಂಬ ಹತ್ತುವ ಮೊದಲು ನಾನು ನನ್ನ ಸೈಕಲ್ಲನ್ನು ಟ್ರಾನ್ಸ್‌ಫಾರ್ಮರಿನ ಕೆಳಗೆ, ಹಿಡಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದೆ. ಹಿಂದಿನ ಮಡ್ಗಾರ್ಡಿಗೆ ಕೆಂಪು ಬಣ್ಣ ಬಳಿದ ಸೈಕಲ್ಲು, ದೂರದಿಂದಲೇ ಗುರುತು. 'ಮಲ್ಲಣ್ಣನ ಸೈಕಲ್ ಅದೆ, ಕೈ ಇಕ್ಬ್ಯಾಡಿ' ಎಂಬುದು ಮಕ್ಕಳಿಗೂ ಬಾಯಿಪಾಠ. ಸೈಕಲ್ಲು ಅಲ್ಲಿದ್ದರೆ ನಾನು ಕಂಬದ ಮೇಲೆ. ಇಲ್ಲದಿದ್ದರೆ ಕೆಲಸ ಮುಗಿಸಿ ಹೋದೆ ಎಂದರ್ಥ. ಪಳನಿಯಣ್ಣ ಮೊದಮೊದಲು ಇದನ್ನು ನೋಡಿ ತಲೆ ಚಚ್ಚಿಕೊಂಡರು. ಆಮೇಲೆ ಅವರೂ ನನ್ನ ಸೈಕಲ್ಲನ್ನೇ ಕೇಳಿ ತಂದು ನಿಲ್ಲಿಸತೊಡಗಿದರು, ಏಕೆಂದರೆ ಅವರ ಮೊಪೆಡ್ಡನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಆಗಲೂ ಊರಿನ ಲೆಕ್ಕದಲ್ಲಿ ಕಂಬದ ಮೇಲಿರುವವನು ಮಲ್ಲಣ್ಣನೇ. ಎಷ್ಟೋ ವರ್ಷ ಒಬ್ಬನೂ ಆ ಕಟ್ಟಳೆ ಮುರಿಯಲಿಲ್ಲ. ಅದನ್ನು ನಾನು ಬೀಗಕ್ಕಿಂತ ಹೆಚ್ಚಾಗಿ ನಂಬಿದ್ದೆ.

ಆ ಭಾನುವಾರ ಪಣಕಹಳ್ಳಿಯ ಮೈದಾನದಲ್ಲಿ ಪಂದ್ಯಾವಳಿಯ ಕಡೆಯ ಆಟ. ಗಡಿಯ ಆಚೆಯಿಂದ, ಚಾಮರಾಜನಗರದ ಕಡೆಯ ತಂಡ ಬಂದಿತ್ತು. ನಾನು ರಜೆ ಹಾಕಿದ್ದೆ. ಮಧ್ಯಾಹ್ನ ಎದ್ದ ಗಾಳಿಗೆ ಕೊಂಬೆಯೊಂದು ಬಿದ್ದು ಹೊಲದಾಚೆಯ ನಾಲ್ಕಾರು ಮನೆಗಳ ಲೈನು ತುಂಡಾಯಿತು. ಪಳನಿಯಣ್ಣ ಒಬ್ಬರೇ ಏಣಿ ಹೊರುವುದು ಹೇಗೆ ಎಂದು ನಾನೂ ಹೋದೆ. ಹಿಡಿ ಇಳಿಸಿದೆವು, ಸೈಕಲ್ಲು ನಿಲ್ಲಿಸಿದೆ. ಇಬ್ಬರೂ ಏಣಿ ಹೊತ್ತು ರಾಗಿ ಹೊಲ ದಾಟಿ, ದೊಡ್ಡ ಹುಣಸೆಮರದ ಆಚೆಯ ಕಂಬಕ್ಕೆ ಒರಗಿಸಿದೆವು. ಅಲ್ಲಿಂದ ಟ್ರಾನ್ಸ್‌ಫಾರ್ಮರು ಕಾಣುವುದಿಲ್ಲ, ಮರ ಅಡ್ಡ.

ನಾನು ಕೆಳಗೆ ನಿಂತು ಹಗ್ಗದಲ್ಲಿ ಸಾಮಾನು ಕಟ್ಟಿ ಮೇಲೆ ಕಳಿಸಬೇಕು. ಅದು ಎರಡನೆಯವನ ಕೆಲಸ. ಪಳನಿಯಣ್ಣ ನನ್ನ ಮುಖ ನೋಡಿದರು.

"ಆಟ ಎಷ್ಟು ಮಣಿಗೆ ತಂಬಿ?"

"ಇನ್ನೇನು ಶುರು ಆಯ್ತದೆ ಅಣ್ಣ. ಇದ್ನ ಮುಗ್ಸಿ ಓಗ್ತೀನಿ."

"ಇದು ಒಬ್ಬನ ಕೆಲಸ. ನೀ ಪೋ."

"ಸೈಕಲ್ಲು ಅಲ್ಲೇ ಇರ್ಲಿ ಅಣ್ಣ. ನಾನು ನಡ್ಕಂಡು ಓಯ್ತೀನಿ."

"ಸರಿ ಸರಿ" ಎಂದು ಅವರು ಆಗಲೇ ಏಣಿಯ ಮೇಲಿದ್ದರು. ನಾನು ಹೊಲದ ಬದುವಿನ ಮೇಲೆ ಅರ್ಧ ನಡೆದು ಅರ್ಧ ಓಡಿ ಮೈದಾನ ಸೇರಿದೆ.

ಮೊದಲ ಗೇಮು ನಾವು ಗೆದ್ದೆವು. ಎರಡನೆಯದರಲ್ಲಿ ಪಾಯಿಂಟು ಅತ್ತಿತ್ತ ಎಳೆದಾಡುತ್ತಿತ್ತು. ನಮ್ಮ ತಂಡದ ನೆಟ್ಟು, ಚೆಂಡು, ಪಂಪು ಎಲ್ಲ ನೋಡಿಕೊಳ್ಳುವವನು ಸೈಕಲ್ ಶಾಪಿನ ಕುಮಾರ. ತಾನು ಆಡದಿದ್ದರೂ ನಮಗಿಂತ ಹೆಚ್ಚಾಗಿ ಬೆವರುವವನು. ಮೊದಲ ಗೇಮಿನಲ್ಲೇ ಇನ್ನೊಂದು ಚೆಂಡು ತರುತ್ತೇನೆಂದು ಅಂಗಡಿಗೆ ಹೋದವನು ಎಷ್ಟು ಹೊತ್ತಾದರೂ ಬಂದಿರಲಿಲ್ಲ. ಎರಡನೆಯ ಗೇಮಿನ ನಡುವೆ, ಚೆಂಡು ನನ್ನ ಕಡೆಗೇ ಬರುತ್ತಿದ್ದಾಗ, ಬೇಲಿಯ ಬಳಿ ಬೆಲ್ಲಿನ ಸದ್ದು ಕೇಳಿತು. ಕಣ್ಣು ಆ ಕಡೆ ಹೋಯಿತು. ಕುಮಾರ ನನ್ನ ಸೈಕಲ್ಲಿನ ಮೇಲೆ ಕೂತಿದ್ದ. ಕೆಂಪು ಮಡ್ಗಾರ್ಡು.

ಚೆಂಡು ನನ್ನ ಮುಂದೆಯೇ ನೆಲಕ್ಕೆ ಬಿತ್ತು. ಜನ "ಏಯ್" ಎಂದರು. ನಾನು ಬೇಲಿಯ ಕಡೆ ಓಡುತ್ತಿದ್ದೆ.

"ಎಲ್ಲಿಂದ ತಂದೆಲಾ ಇದ್ನ?"

"ಟ್ರಾನ್ಸ್‌ಫಾರ್ಮರ್ ತಾವ ನಿಂತಿತ್ತಲ್ಲಣ್ಣ. ನೀನು ನಡ್ಕಂಡು ಬಂದ್ಯಲ್ಲ, ಪಂಚರ್ ಆಗದೆ ಅಂದ್ಕಂಡೆ. ಅಂಗೇ ಆಗಿತ್ತು ನೋಡು, ಮುಳ್ಳು ಸಿಕ್ಕಂಡಿತ್ತು. ಅಂಗಡಿಗೆ ತಳ್ಕಂಡೋಗಿ ಪ್ಯಾಚ್ ಹಾಕ್ಬುಟ್ಟೆ."

ಅವನ ಮುಖದಲ್ಲಿ ಮಾಡಿದ ಉಪಕಾರದ ಸಂತೋಷ. ಅವನದೇನು ತಪ್ಪು? ಸೈಕಲ್ಲಿದ್ದರೆ ಮಲ್ಲಣ್ಣ ಕಂಬದ ಮೇಲಿದ್ದಾನೆ ಎಂಬುದು ಊರಿನ ಕಟ್ಟಳೆ. ಮಲ್ಲಣ್ಣನನ್ನು ಅವನು ಮೈದಾನದಲ್ಲೇ ಕಣ್ಣಾರೆ ಕಂಡಿದ್ದ. ಹಾಗಾದರೆ ಕಂಬದ ಮೇಲೆ ಯಾರೂ ಇಲ್ಲ, ಅಲ್ಲಿರುವುದು ಬರೀ ಪಂಚರ್ ಆದ ಸೈಕಲ್ಲು.

"ಮ್ಯಾಲೆ ಪಳನಿಯಣ್ಣ ಅವ್ರೆ ಕಣ್ಲಾ" ಅಂದೆ. ಅವನನ್ನು ಕೆಳಗೆ ತಳ್ಳಿದೆನೋ ಅವನೇ ಇಳಿದನೋ, ಗೊತ್ತಿಲ್ಲ. ಸೈಕಲ್ಲು ಹತ್ತಿ ತುಳಿದೆ.

ಮೈದಾನದಿಂದ ಟ್ರಾನ್ಸ್‌ಫಾರ್ಮರಿಗೆ ಗಾಡಿ ಜಾಡಿನ ದಾರಿ. ಆ ದಾರಿಯಲ್ಲಿ ನಾನು ಸಾವಿರ ಸಲ ಓಡಾಡಿದ್ದೇನೆ, ಅಷ್ಟು ಉದ್ದ ಎಂದೂ ಅನ್ನಿಸಿರಲಿಲ್ಲ. ಮರಳಿನಲ್ಲಿ ಚಕ್ರ ಹೂತುಕೊಳ್ಳುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಪಕ್ಕದ ಹೊಲ ಮಾದಪ್ಪಣ್ಣನದು. ಮೊನ್ನೆಯಷ್ಟೇ ಟೊಮೇಟೊ ಸಸಿ ನೆಟ್ಟಿದ್ದ. ನಾವು ಹಿಡಿ ಇಳಿಸುವಾಗಲೇ ಬದುವಿನ ಮೇಲೆ ಕೂತು "ಬಿರ್‍ರನೆ ಮುಗ್ಸ್ರಪ್ಪ, ಮೂರು ಫೇಸ್ ಓಗ್ಬುಡ್ತದೆ" ಎಂದಿದ್ದ. ಅವನು ಎದ್ದು ಊಟಕ್ಕೆ ಹೋಗಿರಲಿ, ನಿದ್ದೆ ಹತ್ತಿರಲಿ, ದೂರದ ಯಾವುದೋ ಹೊಲದಲ್ಲಿರಲಿ. ಮಾದಪ್ಪ ಸ್ವಾಮಿಯನ್ನೂ ಬೇಡಿದೆ, ಅದೇ ಹೆಸರಿನ ಆ ಮನುಷ್ಯನನ್ನೂ ಬೇಡಿದೆ.

ಆಗ ಮೋಟಾರುಗಳ ಸದ್ದು ಕೇಳಿತು.

ಕರೆಂಟು ಬಂದರೆ ತಾನೇ ಓಡಲಿ ಎಂದು ಸ್ಟಾರ್ಟರಿನ ಗುಂಡಿಗೆ ಕಡ್ಡಿ ಸಿಕ್ಕಿಸಿ ಹೋಗುವುದು ನಮ್ಮ ರೈತರ ಅಭ್ಯಾಸ. ಎಷ್ಟು ಬೈದರೂ ಬಿಡುವುದಿಲ್ಲ. ಮೊದಲು ಒಂದು ಹೊಲದಲ್ಲಿ, ಹಿಂದೆಯೇ ಇನ್ನೊಂದರಲ್ಲಿ ಮೋಟಾರು ಹೊಡೆದುಕೊಂಡಿತು. ಲೈನು ಜೀವಂತ. ಇನ್ನು ಓಡಿ ಪ್ರಯೋಜನವಿಲ್ಲ ಎಂದು ನನ್ನ ತಲೆಗೆ ಗೊತ್ತು, ಕಾಲು ತುಳಿಯುತ್ತಲೇ ಇತ್ತು. ಗೋಬಿಯಲ್ಲಿರುವ ಅವರ ಹೆಂಡತಿಗೆ ಏನು ಹೇಳಲಿ? ಆ ಹೆಂಗಸಿನ ಮುಖವನ್ನೇ ನಾನು ನೋಡಿರಲಿಲ್ಲ.

ಮಾದಪ್ಪಣ್ಣ ಟ್ರಾನ್ಸ್‌ಫಾರ್ಮರಿನಿಂದ ಈಚೆಗೆ ಬರುತ್ತಿದ್ದ, ಹೆಗಲ ಟವಲಿಗೆ ಕೈ ಒರೆಸಿಕೊಳ್ಳುತ್ತಾ. ನನ್ನನ್ನು ಕಂಡು ನಕ್ಕ.

"ಏನ್ಲಾ ಮಲ್ಲ, ಆಟ ಗೆದ್ರಾ?"

ಸೈಕಲ್ಲು ಬಿಸಾಕಿ, ಹಿಡಿಗೆ ಜೋತುಬಿದ್ದು ಕೆಳಗೆಳೆದೆ. ಮೋಟಾರುಗಳು ಒಂದೊಂದಾಗಿ ನಿಂತವು. ಹೊಲಕ್ಕೆ ಹೊಲವೇ ನಿಶ್ಶಬ್ದವಾಯಿತು. "ಪಳನಿಯಣ್ಣಾ" ಎಂದು ಕೂಗಿದೆ. ಹುಣಸೆಮರದ ಆಚೆಯಿಂದ ಉತ್ತರ ಬರಲಿಲ್ಲ. ರಾಗಿಯ ನಡುವೆ ಬಿದ್ದು ಎದ್ದು ಓಡಿದೆ. ಮರ ದಾಟುವವರೆಗೆ ತಲೆ ಎತ್ತಲಿಲ್ಲ, ಮೇಲೆ ಏನು ಜೋತಾಡುತ್ತಿರುತ್ತದೋ ಎಂಬ ಭಯ.

ಪಳನಿಯಣ್ಣ ಏಣಿಯ ಬುಡದಲ್ಲಿ ನಿಂತಿದ್ದರು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಏಣಿಯ ಮೊದಲ ಮೆಟ್ಟಿಲ ಮೇಲೆ. ಒಂದು ಕೈ ಏಣಿಯನ್ನು ಹಿಡಿದಿತ್ತು, ಇನ್ನೊಂದರಲ್ಲಿ ತಂತಿ ಕತ್ತರಿಸುವ ಇಕ್ಕಳ, ಕಟಿಂಗ್ ಪ್ಲೇಯರು. ಕಣ್ಣು ಮೇಲೆ ತಂತಿಯ ಕಡೆ. ಮುಖಕ್ಕೆ ಬೂದಿ ಬಳಿದ ಹಾಗಿತ್ತು.

"ಮೋಟಾರು ಓಡ್ತು ತಂಬಿ" ಅಂದರು. ಏಣಿ ಬಿಡದೆ ಮತ್ತೆ, "ಮೋಟಾರು ಓಡ್ತಲ್ಲ" ಅಂದರು.

ಮೇಲಿದ್ದಾಗ ಪ್ಲೇಯರು ಕೈಜಾರಿ ಬಿದ್ದಿದೆ. ಹಗ್ಗದಲ್ಲಿ ಕಟ್ಟಿ ಕಳಿಸಲು ಕೆಳಗೆ ಯಾರೂ ಇಲ್ಲ. ತಾವೇ ಇಳಿದು, ರಾಗಿಯ ಬುಡದಲ್ಲಿ ತಡಕಾಡಿ, ಹುಡುಕಿ ತೆಗೆದುಕೊಂಡು ಮತ್ತೆ ಹತ್ತಲು ಕಾಲಿಟ್ಟಾಗ ಪಕ್ಕದ ಹೊಲದ ಮೋಟಾರು ತಾನೇ ಓಡಿದೆ. ಅಷ್ಟೇ ನಡೆದದ್ದು. ಅವರ ಜಾಣತನದಿಂದ ಅಲ್ಲ, ನನ್ನ ಓಟದಿಂದ ಅಲ್ಲ, ಇಲಾಖೆಯ ನಿಯಮದಿಂದ ಅಲ್ಲ, ಒಂದು ಇಕ್ಕಳ ಕೈಜಾರಿದ್ದರಿಂದ ಮನುಷ್ಯ ಉಳಿದರು. ನಾನು ಅವರ ಏಣಿಯ ಮೇಲಿನ ಕೈ ಹಿಡಿದು ಬಿಡಿಸಿದೆ. ಬೆರಳು ಬಿಗಿದುಕೊಂಡಿದ್ದವು, ತಣ್ಣಗಿದ್ದವು.

ಹಿಂದೆಯೇ ಬಂದ ಮಾದಪ್ಪಣ್ಣ ಏಣಿ ನೋಡಿದ, ಪಳನಿಯಣ್ಣನನ್ನು ನೋಡಿದ, ಅಲ್ಲೇ ರಾಗಿಯ ಮೇಲೆ ಕುಸಿದು ಕೂತ. "ಸೈಕಲ್ಲು ಇರ್ಲಿಲ್ವಲ್ಲಪ್ಪ. ಕುಮಾರ ತಳ್ಕಂಡೋದ. ಅದ್ಕೂ ನಾನು ಸಸಿ ಸಾಲ್ಗೆಲ್ಲಾ ಕಾಲ್ವೆ ಸರಿ ಮಾಡಿ, ಬೀಡಿ ಸೇದಿ ಮುಗ್ಸಗಂಟ ಕಾದು ಆಮ್ಯಾಲೆ ಆಕ್ದೆ. ಮನ್ಸನ್ನ ಕೊಂದ್ಬುಡ್ತಿದ್ನಲ್ಲೋ" ಎಂದು ಟವಲು ಬಾಯಿಗೆ ಒತ್ತಿಕೊಂಡ.

ಅಷ್ಟರಲ್ಲಿ ಕುಮಾರನೂ ನಮ್ಮ ಆಟಗಾರರೂ ಓಡಿ ಬಂದರು. ಕುಮಾರ ಏದುಸಿರು ಬಿಡುತ್ತಿದ್ದ. ಎಲ್ಲ ಕೇಳಿಸಿಕೊಂಡು, ನನ್ನ ಸಮಾಧಾನಕ್ಕೆ ಎಂದು ಒಂದು ಮಾತು ಹೇಳಿದ. "ನೀನು ಇಲ್ದಿದ್ದೇ ಒಳ್ಳೇದಾಯ್ತು ಕಣಣ್ಣ. ನೀನಿದ್ದಿದ್ರೆ ಪ್ಲೇಯರ್‌ನ ಹಗ್ಗದಾಗೆ ಕಳಿಸ್ತಿದ್ದೆ, ಪಳನಿಯಣ್ಣ ಮ್ಯಾಲೇ ಇರೋರು."

ನಾನು ಅವನ ಕೊರಳಪಟ್ಟಿ ಹಿಡಿದೆ. ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದದ್ದಿಲ್ಲ. ಅವನು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಬರುತ್ತಿರಲಿಲ್ಲ. ನಾನು ಹೋದದ್ದರಿಂದಲೇ ಸಾಯುವಂತಾಯಿತು, ನಾನು ಹೋದದ್ದರಿಂದಲೇ ಉಳಿದರು ಎಂದರೆ ಆ ಲೆಕ್ಕದಲ್ಲಿ ನಾನು ಎಲ್ಲಿ ನಿಲ್ಲಬೇಕು? ಪಳನಿಯಣ್ಣನೇ ಬಂದು ನನ್ನ ಕೈ ಬಿಡಿಸಿದರು. "ಪಾವಂ, ಅವನೇನ್ ಮಾಡ್ತಾನೆ. ವಿಡು" ಎಂದರು, ಪಾಪ, ಬಿಟ್ಟುಬಿಡು ಎಂದು. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡು ಮತ್ತೆ ಏಣಿ ಹತ್ತಿದರು, ಲೈನು ಇನ್ನೂ ತುಂಡಾಗಿಯೇ ಇತ್ತಲ್ಲ. ನಾನು ಕೆಳಗೆ ಹಗ್ಗ ಹಿಡಿದು ನಿಂತೆ. ಟ್ರಾನ್ಸ್‌ಫಾರ್ಮರಿನ ಹಿಡಿಯ ಮುಂದೆ ಮಾದಪ್ಪಣ್ಣನೇ ಹೋಗಿ ಕಾವಲು ಕೂತ. ಆ ದಿನದ ಆಟವನ್ನು ಎದುರಿನ ತಂಡಕ್ಕೆ ಬಿಟ್ಟುಕೊಟ್ಟೆವು.

ಊರಿಗೇ ಗೊತ್ತಾದದ್ದು ಎಂಜಿನಿಯರಿಗೆ ಗೊತ್ತಾಗದಿರುತ್ತದೆಯೆ? ಜೀಪು ಬಂತು. ಅದೇ ಹುಣಸೆಮರದ ಕೆಳಗೆ ನಮ್ಮಿಬ್ಬರನ್ನೂ ನಿಲ್ಲಿಸಿ, ನನ್ನನ್ನು ನೋಡದೆ ಪಳನಿಯಣ್ಣನನ್ನು ಮಾತ್ರ ಕೇಳಿದರು: ಇವನು ಕೆಲಸ ಬಿಟ್ಟು ಹೋದನೋ ಇಲ್ಲವೋ? ಪಳನಿಯಣ್ಣ ನೆಲ ನೋಡುತ್ತಾ, "ಅವನಿಗೆ ರಜೆ ಸಾರ್. ಏಣಿ ಹೊತ್ತು ಉಪಕಾರ ಮಾಡಿದ. ಪೋ ಅಂದವನು ನಾನು" ಎಂದರು. ಎಂಜಿನಿಯರು ಹೋಗಿ ಟ್ರಾನ್ಸ್‌ಫಾರ್ಮರಿನ ಮುರಿದ ಕೊಂಡಿಯನ್ನು ನೋಡಿಬಂದರು. ಅದೇ ವಾರ ಹೊಸ ಬೀಗ ಬಂತು, ಫ್ಯೂಸ್ ಕಟ್ಟೆ ಬಂತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ನನ್ನ ವರ್ಗದ ಮಾತು ಮತ್ತೆ ಬರಲಿಲ್ಲ.

ವರ್ಗ ಆಗದಿದ್ದರೂ ಆಟ ಹೋಯಿತು. ಮೈದಾನಕ್ಕೆ ಕಾಲು ಏಳಲಿಲ್ಲ. ಐದಾದರೆ ಮನೆಯ ಜಗಲಿಯ ಮೇಲೆ ಬಂದು ಕೂರುತ್ತಿದ್ದೆ, ಎಲ್ಲರ ಮೇಲೂ ರೇಗುತ್ತಿದ್ದೆ, ಹಸುವಿನ ಮೇಲೂ. ಪಳನಿಯಣ್ಣ ಎಂದಿನಂತೆ "ಪೋ ತಂಬಿ" ಎಂದರೆ ಕೇಳಿಸದವನ ಹಾಗೆ ತಂತಿ ಸುತ್ತುತ್ತಿದ್ದೆ. ಕೊನೆಗೆ ಒಂದು ಸಂಜೆ ಗೌರಿ ಹಾಲಿನ ಚೊಂಬು ಹಿಡಿದು ಬಂದು ನನ್ನ ಎದುರಿಗೆ ನಿಂತಳು.

"ಆಡದು ಬುಟ್ಟು ಯಾರಿಗೆ ಉಪಕಾರ ಮಾಡ್ತಿದ್ದೀರಿ?"

"ಆ ಮನುಷ್ಯ ಸಾಯೋನು ಕಣೇ, ನನ್ನ ಆಟಕ್ಕೆ."

"ಅದು ಗೊತ್ತು. ನೀವು ಇಲ್ಲಿ ಕಂಬದಂಗೆ ಕೂತ್ರೆ ಅವ್ರಿಗೇನು ಬಂತು? ಇಷ್ಟು ವರ್ಸ ಅವ್ರ ಒತ್ತು ತಗಂಡು ಆಡಿದ್ರಲ್ಲ, 'ಅಣ್ಣ, ನಿಮ್ಗೇನಿಷ್ಟ' ಅಂತ ಒಂದಿನ ಅವ್ರನ್ನ ಕೇಳಿದ್ರಾ?"

ಕೇಳಿರಲಿಲ್ಲ. ಅವಳನ್ನೂ ಕೇಳಿರಲಿಲ್ಲ, ಅದು ಬೇರೆ ಜಗಳ, ಅದನ್ನು ಆಮೇಲೆ ಇಬ್ಬರೂ ಸಾವಕಾಶವಾಗಿ ಆಡಿದೆವು. ಪಳನಿಯಣ್ಣನಿಗೆ ಇಷ್ಟವಾದದ್ದು ಒಂದು ಇರಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಕೆಲಸ, ಕೋಣೆ, ಸ್ಟೌ. ಅವರೆಂದರೆ ಅಷ್ಟೇ ಎಂದುಕೊಂಡಿದ್ದೆ.

ಮಾರನೇ ದಿನ ಚಹಾದಂಗಡಿಯಲ್ಲಿ ಕೇಳಿದೆ. ಅವರು ನಾಚಿಕೊಂಡರು. ಐವತ್ತರ ಗಂಡಸು ಹಾಗೆ ನಾಚುವುದನ್ನು ನಾನು ಕಂಡಿರಲಿಲ್ಲ. ಬಹಳ ಬಲವಂತ ಮಾಡಿದ ಮೇಲೆ, "ಮೀನ್ ಪಿಡಿಕ್ಕಿರದು" ಎಂದರು. ಬಯಲಿನಲ್ಲಿದ್ದಾಗ ಕಾಲುವೆಯ ದಂಡೆಯಲ್ಲಿ ಗಾಳ ಹಾಕಿ ಕೂರುತ್ತಿದ್ದರಂತೆ, ಹುಡುಗನಾಗಿದ್ದಾಗಿಂದ. ಈ ಬೆಟ್ಟಕ್ಕೆ ಬಂದ ಮೇಲೆ ಇಲ್ಲ. "ಇಲ್ಲಿ ಆರೆಲ್ಲಿದೆ ತಂಬಿ? ಇದ್ದರೂ ಹೊತ್ತೆಲ್ಲಿದೆ?" ಎಂದು ಲೋಟ ಕೆಳಗಿಟ್ಟರು. ಅವರ ಭಾಷೆಯಲ್ಲಿ ಆರು ಎಂದರೆ ಹೊಳೆ.

ಅಂದೇ ಮಾತು ಮುಗಿಸಿದೆವು. ವಾರದ ಸಂಜೆಗಳು ನನಗೆ, ಶನಿವಾರ ಪೂರ್ತಿ ಅವರಿಗೆ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಅವರು ಗಾಳ ಹಿಡಿದು ಘಾಟಿ ಇಳಿಯಬೇಕು, ಇಬ್ಬರ ಲೈನನ್ನೂ ನಾನು ನೋಡಬೇಕು. ಅವರು ಬೇಡವೆಂದರು. ನಾನು ಅವರ ಹೆಗಲ ಚೀಲ ಕಿತ್ತುಕೊಂಡೆ.

ಗಡಿಯಾಚೆಯ ತಂಡದವರು ಅಂದಿನ ಅರ್ಧ ಆಟವನ್ನು ಮರೆತಿರಲಿಲ್ಲ. ಪೂರ್ತಿ ಆಡೋಣ ಬನ್ನಿ ಎಂದು ಹೇಳಿ ಕಳಿಸಿದರು. ಆದರೆ ಅವರಿಗೆ ಪಣಕಹಳ್ಳಿಗೆ ಬರಲು ಅನುಕೂಲವಿದ್ದದ್ದು ಒಂದು ಶನಿವಾರ, ಪಳನಿಯಣ್ಣನ ಮೊಟ್ಟಮೊದಲ ಶನಿವಾರ. ನಮ್ಮ ಹುಡುಗರು ನನ್ನ ಕಾಲು ಹಿಡಿಯುವುದೊಂದು ಬಾಕಿ. ನಿಮ್ಮ ಶನಿವಾರವನ್ನು ಒಂದು ವಾರ ಮುಂದಕ್ಕೆ ಹಾಕಿ ಎಂದು ನಾನು ಕೇಳಿದರೆ ಪಳನಿಯಣ್ಣ ಹಿಂದು ಮುಂದು ನೋಡದೆ ಒಪ್ಪುತ್ತಿದ್ದರು. ಅದು ಗೊತ್ತಿದ್ದದ್ದರಿಂದಲೇ ನಾಲಗೆ ಕಚ್ಚಿಕೊಂಡು ಸುಮ್ಮನಾದೆ. ಆಟವಿದೆ ಎಂಬುದು ಅವರ ಕಿವಿಗೆ ಬೀಳದಂತೆ ಕುಮಾರನ ಬಾಯಿಯನ್ನೂ ಕಟ್ಟಿಸಿದೆ.

ಆ ಮಧ್ಯಾಹ್ನ ಮೈದಾನಕ್ಕೆ ಕೂಗಳತೆಯಲ್ಲಿದ್ದ ಕಂಬವೊಂದರಲ್ಲಿ ಕೆಲಸ ಬಿತ್ತು. ಏಣಿಯ ತುದಿಯಿಂದ ಮೈದಾನ ಅಂಗೈಯಷ್ಟು ಚೆನ್ನಾಗಿ ಕಾಣುತ್ತಿತ್ತು. ನನ್ನ ಜಾಗದಲ್ಲಿ ನಿಂತವನು ಚೆಂಡನ್ನು ತೀರಾ ತಗ್ಗಿನಲ್ಲಿ ಕೊಡುತ್ತಿದ್ದ, ಹೊಡೆಯುವವನು ಹಾರಿ ಹಾರಿ ಬರಿಗಾಳಿ ಹೊಡೆಯುತ್ತಿದ್ದ. "ಇನ್ನೂ ಮ್ಯಾಲಕ್ಕೆ ಎತ್ತಲಾ" ಎಂದು ಕಂಬದ ಮೇಲಿಂದಲೇ ಅರಚಿದೆ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಯಾರಿಗೂ ಕೇಳಲಿಲ್ಲ. ನಾವು ಸೋತೆವು. ಹೊಟ್ಟೆ ಉರಿಯಿತು. ತ್ಯಾಗ ಮಾಡಿದ ತೃಪ್ತಿ ಎಂದೆಲ್ಲ ಹೇಳುತ್ತಾರಲ್ಲ, ನನಗೆ ಅದೇನೂ ಆಗಲಿಲ್ಲ. ಸಿಟ್ಟಿನಲ್ಲಿ ತಂತಿಯನ್ನು ಬೇಕಾದ್ದಕ್ಕಿಂತ ನಾಲ್ಕು ಸುತ್ತು ಹೆಚ್ಚಾಗಿ ಬಿಗಿದು ಇಳಿದೆ.

ಸಂಜೆಯ ಬಸ್ಸಿಗೆ ಪಳನಿಯಣ್ಣ ಬಂದರು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಪಂಚೆಯ ಅಂಚಿನಲ್ಲಿ ಕೆಸರು. ಕೈಚೀಲ ಬರಿದಾಗಿ ಜೋತಾಡುತ್ತಿತ್ತು.

"ಎಷ್ಟು ಬಿದ್ವು ಅಣ್ಣ?"

"ಒಣ್ಣೂ ಇಲ್ಲ ತಂಬಿ" ಎಂದು ನಕ್ಕರು. "ಒಂದು ಮಾತ್ರ ಬಂತು, ದಡದವರೆಗೂ ಬಂತು, ಬಿಡಿಸ್ಕೊಂಡು ಹೋಯ್ತು." ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು.

ಬಸ್ಸು ನಿಲ್ಲುವಲ್ಲಿ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಆ ಮೀನು ಇಷ್ಟುದ್ದ ಇತ್ತು ಎಂದು ತೋರಿಸಲು ಅವರು ಚೀಲ ಕೆಳಗಿಟ್ಟು ಎರಡೂ ಕೈ ಅಗಲವಾಗಿ ಚಾಚಿದರು. ಅಷ್ಟು ವರ್ಷ ಅವರ ಜೊತೆ ಕೆಲಸ ಮಾಡಿದ್ದೆ. ಅವರ ಎರಡು ಕೈಗಳೂ ಏಣಿ, ತಂತಿ, ನನ್ನ ಚೀಲ ಏನನ್ನೂ ಹಿಡಿಯದೆ ಖಾಲಿಯಾಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.